ಜ್ವರ ಇಳಿದ ಮೇಲೆ

ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟರೆಂದರೆ ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಬೇರೆ ಮಾತೇ ಇರುವುದಿಲ್ಲ. ಸಸಿ ಮಡಿ ಮಾಡಬೇಕು, ಗದ್ದೆ ಕೆಸರು ಹೊಡೆಸಬೇಕು, ನಾಟಿಗೆ ಆಳು ಹೊಂದಿಸಬೇಕು. 1953ರಲ್ಲಿ ಅಣೆಕಟ್ಟು ಮುಗಿದು ಕಾಲುವೆಗಳು ಹರಿಯತೊಡಗಿದ ಮೇಲೆ, ಅದುವರೆಗೆ ಜೋಳ, ಹತ್ತಿ ನಂಬಿಕೊಂಡಿದ್ದ ಎರೆಹೊಲಗಳು ನೆಲ್ಲಿನ ಗದ್ದೆಗಳಾದವು. ಆಂಧ್ರದಿಂದ ಬಂದು ನೆಲೆ ನಿಂತ ರೈತರ ಕ್ಯಾಂಪುಗಳು ಎದ್ದವು. ಕಣ್ಣು ಹಾಯಿಸಿದಷ್ಟು ದೂರ ನಿಂತ ನೀರು, ಬದುವಿನ ಮೇಲೆ ಬೆಳ್ಳಕ್ಕಿ. ನಾಡಿನ ಎಷ್ಟೋ ಮನೆಗಳಿಗೆ ಸೋನಾ ಮಸೂರಿ ಅಕ್ಕಿ ಬರುವುದು ಈ ನೀರಿನಿಂದ. ಈ ಅಧ್ಯಾಯದಲ್ಲಿ ಬರುವ ವೈರಸ್ಸಿಗೂ ಇದೇ ನೀರು ಬೇಕು.

ಕ್ಯೂಲೆಕ್ಸ್ ಟ್ರೈಟಿನಿಯೊರಿಂಕಸ್ ಒಂದು ಸಣ್ಣ ಸೊಳ್ಳೆ. ಮೈ ಕಂದು, ಚುಚ್ಚುವ ಮೂತಿಯ ನಡುವೆ ಮಾಸಲು ಬಿಳಿ ಪಟ್ಟಿ. ನಾಟಿಯಾದ ಹೊಸತರಲ್ಲಿ, ಪೈರು ಇನ್ನೂ ನೆರಳು ಕವಿಸುವಷ್ಟು ಬೆಳೆಯದೆ ಬಿಸಿಲು ನೇರವಾಗಿ ನೀರಿಗೆ ಬೀಳುವ ದಿನಗಳಲ್ಲಿ, ಹೆಣ್ಣು ಸೊಳ್ಳೆ ತನ್ನ ಮೊಟ್ಟೆಗಳನ್ನು ಒಂದಕ್ಕೊಂದು ಅಂಟಿಸಿ ನೀರಿನ ಮೇಲೆ ತೇಲಿಬಿಡುತ್ತದೆ. ಮರಿಹುಳುಗಳು ತಲೆ ಕೆಳಗಾಗಿ ಜೋತುಬಿದ್ದು, ಹಿಂತುದಿಯ ಕೊಳವೆಯನ್ನು ನೀರಿನ ಮೇಲ್ಪದರಕ್ಕೆ ಚಾಚಿ ಉಸಿರಾಡುತ್ತವೆ. ಎರಡು ವಾರ ತುಂಬುವುದರೊಳಗೆ ರೆಕ್ಕೆ ಬರುತ್ತದೆ. ಹೊತ್ತು ಮುಳುಗಿದ ಮೇಲೆ ಕಚ್ಚಲು ಹೊರಡುವ ಈ ಸೊಳ್ಳೆಗೆ ಮನುಷ್ಯನಿಗಿಂತ ದನ, ಹಂದಿಗಳ ರಕ್ತವೇ ಇಷ್ಟ. ದನದ ಮೈಯಲ್ಲಿ ವೈರಸ್ ಹೆಚ್ಚಾಗಿ ಬೆಳೆಯುವುದಿಲ್ಲ. ಹಂದಿಯ ಮೈಯಲ್ಲಿ ಬೇಕಾದಷ್ಟು ಬೆಳೆಯುತ್ತದೆ. ಬೆಳ್ಳಕ್ಕಿ, ಬಕಪಕ್ಷಿಗಳ ರಕ್ತದಲ್ಲಿ ಅವಕ್ಕೆ ತೊಂದರೆ ಕೊಡದೆ ಇರುವ ವೈರಸ್ಸು ಸೊಳ್ಳೆಯ ಮೂಲಕ ಹಂದಿಗೆ, ಹಂದಿಯಿಂದ ಮತ್ತೆ ಸೊಳ್ಳೆಗೆ ಹೋಗಿ, ಕೊನೆಗೊಂದು ಸಂಜೆ ಮನೆ ಮುಂದೆ ಆಡುತ್ತಿರುವ ಮಗುವಿನ ಮೈ ಸೇರುತ್ತದೆ. ಅಲ್ಲಿಂದ ಮುಂದಕ್ಕೆ ಅದಕ್ಕೆ ದಾರಿಯಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ.

ಇದರ ಹೆಸರು ಜಪಾನೀಸ್ ಎನ್ಸೆಫಲೈಟಿಸ್ ವೈರಸ್. 1935ರಲ್ಲಿ ಜಪಾನಿನಲ್ಲಿ ಇದನ್ನು ಬೇರ್ಪಡಿಸಿದರು. ಭಾರತದಲ್ಲಿ ಮೊದಲು ಪತ್ತೆಯಾದದ್ದು 1955ರಲ್ಲಿ, ವೆಲ್ಲೂರಿನ ಕಡೆ. ಕರ್ನಾಟಕದಲ್ಲಿ ಕೋಲಾರ, ಮಂಡ್ಯ, ರಾಯಚೂರು, ಕೊಪ್ಪಳ, ಬಳ್ಳಾರಿ ಅದರ ಹಳೆಯ ನೆಲೆಗಳು. ಜನರ ಬಾಯಲ್ಲಿ ಅದು ಮೆದುಳು ಜ್ವರ. ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರ ರೋಗ ತೀವ್ರವಾಗುತ್ತದೆ. ಉಳಿದವರಿಗೆ ಒಂದು ಸಾಮಾನ್ಯ ಜ್ವರ, ಎಷ್ಟೋ ಮಂದಿಗೆ ಅದೂ ಇಲ್ಲ. ಆದರೆ ಆ ಒಬ್ಬರ ಪಾಡು ಕಷ್ಟ. ಮೆದುಳು ಜ್ವರ ಬಂದವರಲ್ಲಿ ನೂರಕ್ಕೆ 30ರವರೆಗೆ ಸಾಯುತ್ತಾರೆ. ಬದುಕಿದವರಲ್ಲೂ ಬಹಳ ಮಂದಿಗೆ ನರದ, ಬುದ್ಧಿಯ ಅಥವಾ ನಡವಳಿಕೆಯ ಊನ ಕಾಯಂ ಆಗಿ ಉಳಿಯುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ. ಫಿಟ್ಸ್ ತಡೆಯುವುದು, ಮೆದುಳಿನ ಊತ ಇಳಿಸುವುದು, ಉಸಿರು ನಿಲ್ಲದಂತೆ ನೋಡಿಕೊಳ್ಳುವುದು, ವೈದ್ಯರ ಕೈಲಿರುವುದು ಇಷ್ಟೇ.

ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಜನ ಈಗಲೂ ವಿಮ್ಸ್ ಎಂದೇ ಕರೆಯುವ ಜಾಗ, ಈ ರೋಗದ ಚರಿತ್ರೆಯಲ್ಲಿ ಲೋಕವೇ ನೆನೆಯಬೇಕಾದ ಒಂದು ಕೆಲಸ ಮಾಡಿದೆ. 2005ರ ನಂತರದ ಕೆಲವು ವರ್ಷ ಇಲ್ಲಿನ ವೈದ್ಯರು, ಬೆಂಗಳೂರಿನ ನಿಮ್ಹಾನ್ಸ್‌ನ ವೈರಾಣು ವಿಜ್ಞಾನಿಗಳು, ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಟಾಮ್ ಸಾಲೊಮನ್ ಅವರ ತಂಡ ಸೇರಿ ಮೆದುಳು ಜ್ವರದ ಮಕ್ಕಳನ್ನು ಅಭ್ಯಾಸ ಮಾಡಿದರು. 2005ರಿಂದ 2007ರ ನಡುವೆ ನೋಡಿದ 106 ಮಕ್ಕಳಲ್ಲಿ ಐವರಿಗೆ ಎಂಟೆರೊವೈರಸ್ 75 ಎಂಬ, ಅದುವರೆಗೆ ಯಾರೂ ಅಷ್ಟಾಗಿ ಗಮನಿಸದ ವೈರಸ್ ತಗುಲಿತ್ತು. ಮೆದುಳು ಜ್ವರವೆಲ್ಲ ಜಪಾನೀಸ್ ಎನ್ಸೆಫಲೈಟಿಸ್ ಅಲ್ಲ ಎಂಬುದು ಇದರಿಂದ ಇನ್ನಷ್ಟು ಖಚಿತವಾಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಕೆಲಸ. ಆಸ್ಪತ್ರೆಯಿಂದ ಮನೆಗೆ ಹೋದ ಮಗು ಆಮೇಲೆ ಹೇಗಿದೆ ಎಂದು ಅಳೆಯಲು, ಸ್ಕ್ಯಾನಿಂಗ್ ಯಂತ್ರವಾಗಲಿ ಮನಶ್ಶಾಸ್ತ್ರಜ್ಞರಾಗಲಿ ಇಲ್ಲದ ಊರಿನಲ್ಲೂ ಬಳಸಬಹುದಾದ ಒಂದು ಅಳತೆಗೋಲನ್ನು ಅವರು ಬಳ್ಳಾರಿಯಲ್ಲೂ ಮಲೇಷ್ಯಾದಲ್ಲೂ ಪರೀಕ್ಷಿಸಿ ಸಿದ್ಧಪಡಿಸಿದರು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಅದರಲ್ಲಿರುವುದು ತಾಯಿ ತಂದೆಯರಿಗೆ ಹತ್ತು ಪ್ರಶ್ನೆ, ಮಗುವಿಗೆ ಐದು ಕೆಲಸ. ಮಾತು ಮೊದಲಿನಂತಿದೆಯಾ? ತಾನಾಗಿ ಉಣ್ಣುತ್ತದಾ? ಒಂಟಿಯಾಗಿ ಬಿಟ್ಟು ಹೋಗಬಹುದಾ? ನಡವಳಿಕೆ ಬದಲಾಗಿದೆಯಾ? ದಿನಾ ನೋಡಿಕೊಳ್ಳುವವರನ್ನು ಬಿಟ್ಟು ಬೇರೆಯವರ ಗುರುತು ಸಿಗುತ್ತದಾ? ಶಾಲೆಗೆ ಹೋಗುತ್ತಿದೆಯಾ? ಫಿಟ್ಸ್ ಬರುತ್ತದಾ? ಬಟ್ಟೆ ಹಾಕಿಕೊಳ್ಳುತ್ತದಾ? ಒಂದಕ್ಕೆ, ಎರಡಕ್ಕೆ ಹೇಳುತ್ತದಾ? ಕಿವಿ ಕೇಳಿಸುತ್ತದಾ? ಆಮೇಲೆ ಮಗುವನ್ನು ಕೂರಿಸಿ, ಎಬ್ಬಿಸಿ, ನಾಲ್ಕು ಹೆಜ್ಜೆ ನಡೆಸಿ, ಎರಡೂ ಕೈ ತಲೆಯ ಮೇಲಿಡಿಸಿ, ನಾಣ್ಯದಷ್ಟು ಸಣ್ಣ ವಸ್ತುವನ್ನು ಬೆರಳಿನಲ್ಲಿ ಎತ್ತಿಸುತ್ತಾರೆ. ಪೂರ್ತಿ ಗುಣವಾಗಿದ್ದರೆ 5, ತೀರಾ ಊನವಾಗಿದ್ದರೆ 2, ಸತ್ತಿದ್ದರೆ 1.

ಈ ಹತ್ತು ಪ್ರಶ್ನೆಗಳನ್ನು ಇನ್ನೊಮ್ಮೆ ಓದಿ. ಎಪ್ಪತ್ತೈದರ ಅಜ್ಜನನ್ನು ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆಗೆ ಕರೆದೊಯ್ದಾಗ ಡಾಕ್ಟರು ಮನೆಯವರನ್ನು ಕೇಳುವುದು ಹೆಚ್ಚುಕಡಿಮೆ ಇವನ್ನೇ. ಗುರುತು ಸಿಗುತ್ತದಾ, ಒಂಟಿಯಾಗಿ ಬಿಡಬಹುದಾ, ಬಟ್ಟೆ ತಾನೇ ಹಾಕಿಕೊಳ್ಳುತ್ತಾರಾ? ಬಾಲ್ಯದ ಜ್ವರ ಒಂದು ತುದಿ, ಮುಪ್ಪಿನ ಮರೆವು ಇನ್ನೊಂದು ತುದಿ. ಈ ಎರಡರ ನಡುವೆ ನೇರ ಸಂಬಂಧವಿರಬಹುದೇ ಎಂದು ಕಳೆದ ಮೂವತ್ತೈದು ವರ್ಷಗಳಿಂದ ಕೆಲವು ವಿಜ್ಞಾನಿಗಳು ಕೇಳುತ್ತಲೇ ಬಂದಿದ್ದಾರೆ. ಬಹುಕಾಲ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ವೈರಸ್ಸಿನಿಂದ ಬುದ್ಧಿ ಕುಂದಬಲ್ಲದು ಎಂಬುದರಲ್ಲಿ ಮಾತ್ರ ಯಾವತ್ತೂ ಅನುಮಾನವಿರಲಿಲ್ಲ. ಅದಕ್ಕೆ ಎಲ್ಲಕ್ಕಿಂತ ಕ್ರೂರ ಸಾಕ್ಷಿ ದಡಾರ. ಎರಡು ವರ್ಷದೊಳಗೆ ದಡಾರ ಬಂದು ಪೂರ್ತಿ ವಾಸಿಯಾದ ಮಕ್ಕಳಲ್ಲಿ ಎಲ್ಲೋ ಒಂದು, ಆರೇಳು ವರ್ಷದ ಮೇಲೆ ಶಾಲೆಯಲ್ಲಿ ಹಿಂದೆ ಬೀಳುತ್ತದೆ. ಅಕ್ಷರ ವಂಕಿ ಮಾಡುತ್ತದೆ, ಬಂದ ಮಗ್ಗಿ ಮರೆಯುತ್ತದೆ, ಕಾರಣವಿಲ್ಲದೆ ಹಟ ಮಾಡುತ್ತದೆ. ಮೇಷ್ಟ್ರು ಬೈಯುತ್ತಾರೆ, ಮನೆಯಲ್ಲಿ ಏಟು ಬೀಳುತ್ತದೆ. ಆಮೇಲೆ ಊಟದ ತಟ್ಟೆ ಕೈಯಿಂದ ಜಾರುವಂತೆ ಮೈ ಪದೇ ಪದೇ ಝಲ್ಲೆಂದು ಅದುರತೊಡಗುತ್ತದೆ. ಆಗ ಹಂಪಿ ಎಕ್ಸ್‌ಪ್ರೆಸ್ ಹತ್ತಿ ನಿಮ್ಹಾನ್ಸ್‌ಗೆ ಹೋದರೆ, ಇಇಜಿ ಕಾಗದದ ಮೇಲೆ ಕೆಲವು ಸೆಕೆಂಡಿಗೊಮ್ಮೆ ಒಂದೇ ಆಕಾರದ ದೊಡ್ಡ ಅಲೆ ಏಳುವುದು ಕಾಣುತ್ತದೆ. ಎಸ್‌ಎಸ್‌ಪಿಇ ಎನ್ನುವ ಈ ರೋಗದಲ್ಲಿ ರೂಪ ಬದಲಿಸಿಕೊಂಡ ದಡಾರದ ವೈರಸ್ ವರ್ಷಗಟ್ಟಲೆ ಮೆದುಳಿನೊಳಗೆ ಕೋಶದಿಂದ ಕೋಶಕ್ಕೆ ದಾಟುತ್ತ ಉಳಿದಿರುತ್ತದೆ. ಇದು ಮಕ್ಕಳ ಡಿಮೆನ್ಶಿಯಾ ಎಂದು ನಾನು ಹಿಂದೆಮುಂದೆ ನೋಡದೆ ಬರೆಯುತ್ತೇನೆ. ಒಮ್ಮೆ ಹಿಡಿದರೆ ಬಿಡಿಸಿಕೊಳ್ಳುವವರು ತೀರಾ ವಿರಳ. ದಡಾರದ ಲಸಿಕೆ ಎರಡು ಡೋಸು ಬಿದ್ದ ಮಗುವಿಗೆ ಇದರ ಭಯವಿಲ್ಲವೆಂದೇ ಹೇಳಬಹುದು.

ಎಚ್‌ಐವಿಯದೂ ಇಂಥದೇ ಕಥೆ. ಚಿಕಿತ್ಸೆ ಸಿಗದ ಕಾಲದಲ್ಲಿ ಎಚ್‌ಐವಿ ಇದ್ದವರ ಬುದ್ಧಿ, ನೆನಪು, ನಡಿಗೆ ಒಟ್ಟಿಗೆ ಮಂದವಾಗುತ್ತಿದ್ದವು. ಪಶ್ಚಿಮದ ದೇಶಗಳಲ್ಲಿ ಅದು ಸಾಮಾನ್ಯವಾಗಿತ್ತು, ಭಾರತದಲ್ಲಿ ಅಷ್ಟಿರಲಿಲ್ಲ. ಏಕಿರಬಹುದು ಎಂಬುದರ ಒಂದು ಸುಳಿವನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು 2004ರಲ್ಲಿ ಕೊಟ್ಟರು. ನಮ್ಮಲ್ಲಿ ಹರಡಿರುವ ಸಿ ಬಗೆಯ ಎಚ್‌ಐವಿಯ ಟ್ಯಾಟ್ ಎಂಬ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬೇರೆ. ಅದರಿಂದ ರಕ್ಷಣಾ ಕೋಶಗಳನ್ನು ಸೆಳೆಯುವ ಅದರ ಶಕ್ತಿ ಕುಗ್ಗಿರುತ್ತದೆ. ಅಂದರೆ ಮೆದುಳಿಗಾಗುವ ಹಾನಿಯಲ್ಲಿ ವೈರಸ್ಸಿನ ಪಾಲೆಷ್ಟೋ, ಅದನ್ನು ಹೊಡೆಯಲು ನುಗ್ಗುವ ನಮ್ಮದೇ ಕೋಶಗಳ ಪಾಲೂ ಅಷ್ಟೇ ಮುಖ್ಯ. ಈ ಮಾತು ಮುಂದಕ್ಕೂ ಬೇಕಾಗುತ್ತದೆ.

ಅನುಮಾನವಿದ್ದದ್ದು ಮುಪ್ಪಿನ ಸಾಮಾನ್ಯ ಮರೆವಿನ ಬಗ್ಗೆ, ಮುಖ್ಯವಾಗಿ ಆಲ್ಝೈಮರ್ ಕಾಯಿಲೆಯ ಬಗ್ಗೆ. ಸತ್ತ ವೃದ್ಧರ ಮೆದುಳಿನಲ್ಲಿ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಡಿಎನ್‌ಎ ಇದೆ ಎಂದು ಇಂಗ್ಲೆಂಡಿನ ರೂತ್ ಇಟ್ಝಾಕಿ 1991ರಲ್ಲಿ ತೋರಿಸಿದರು. ಜ್ವರ ಬಂದಾಗ ತುಟಿಯ ಅಂಚಿನಲ್ಲಿ ನೀರುಗುಳ್ಳೆ ಏಳಿಸುವ ವೈರಸ್ ಅದು. ಲೋಕದ ಅರ್ಧಕ್ಕಿಂತ ಹೆಚ್ಚು ಜನರ ಮೈಯಲ್ಲಿದೆ. 1997ರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು: ಎಪಿಒಇ4 ಎಂಬ ಜೀನ್ ಇದ್ದವರಿಗೆ ಈ ವೈರಸ್ಸೂ ಇದ್ದರೆ ಆಲ್ಝೈಮರ್ ಅಪಾಯ ಹೆಚ್ಚು. ಆ ಕಾಲದಲ್ಲಿ ಎಲ್ಲರ ಕಣ್ಣಿದ್ದದ್ದು ಮೆದುಳಿನಲ್ಲಿ ಗಟ್ಟಿಯಾಗಿ ಕೂರುವ ಅಮಿಲಾಯ್ಡ್ ಪ್ರೋಟೀನಿನ ಮೇಲೆ. ಅದೇ ರೋಗದ ಮೂಲ, ಅದನ್ನು ತೆಗೆದರೆ ರೋಗ ಹೋಗುತ್ತದೆ ಎಂಬ ನಂಬಿಕೆ. ಹಾರ್ವರ್ಡ್‌ನ ರಾಬರ್ಟ್ ಮಾಯರ್, ರುಡಾಲ್ಫ್ ಟಾಂಜಿ ಅದನ್ನು ತಿರುಗಿಸಿ ನೋಡಿದರು. ಅಮಿಲಾಯ್ಡ್ ಸೂಕ್ಷ್ಮಾಣುಗಳನ್ನು ಕೊಲ್ಲಬಲ್ಲದು ಎಂದು 2010ರಲ್ಲಿ, ಹರ್ಪಿಸ್ ವೈರಸ್ಸನ್ನು ಸುತ್ತುವರಿದು ಹಿಡಿಯುತ್ತದೆ ಎಂದು 2018ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಬಳ್ಳಾರಿ ಬಯಲಿನ ಜಾಲಿ ಮರಕ್ಕೆ ಕೊಡಲಿ ತಾಗಿದರೆ ಗಾಯದ ಬಾಯಿಗೆ ಅಂಟು ಒಸರಿ ಗಟ್ಟಿಯಾಗುತ್ತದಲ್ಲ, ಅಮಿಲಾಯ್ಡ್ ಕೂಡ ಮೆದುಳಿನ ಅಂಥದೊಂದು ಅಂಟಿರಬಹುದು ಎಂಬುದು ಅವರ ವಾದ. ಗಾಯ ಮತ್ತೆ ಮತ್ತೆ ಆಗುತ್ತಿದ್ದರೆ ಅಂಟೇ ಭಾರವಾಗುತ್ತದೆ.

ವಾದ ಚೆನ್ನಾಗಿದೆ, ಆದರೆ ಅದು ಇನ್ನೂ ವಾದವೇ. 2023ರಲ್ಲಿ ಫಿನ್ಲೆಂಡಿನ ಆರೋಗ್ಯ ದಾಖಲೆಗಳನ್ನು ಜಾಲಾಡಿದ ಅಮೆರಿಕದ ತಂಡವೊಂದಕ್ಕೆ ಮೆದುಳಿನ ವೈರಸ್ ಜ್ವರ ಬಂದಿದ್ದ 406 ಮಂದಿಯಲ್ಲಿ 24 ಮಂದಿಗೆ ಮುಂದೆ ಆಲ್ಝೈಮರ್ ಬಂದದ್ದು ಕಂಡಿತು. ಜ್ವರ ಬಾರದವರಿಗೆ ಹೋಲಿಸಿದರೆ ಇದು ಕನಿಷ್ಠ 20 ಪಟ್ಟು. ಈ ಅಂಕಿಯನ್ನು ಓದಿ ಬೆಚ್ಚುವ ಮೊದಲು ಎರಡು ಸಂಗತಿ ತಿಳಿದಿರಬೇಕು. ಫಿನ್ಲೆಂಡಿನಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಇಲ್ಲ, ಅಲ್ಲಿನ ವೈರಸ್ಸುಗಳೇ ಬೇರೆ. ಜೊತೆಗೆ, ಮರೆವಿನ ಕಾಯಿಲೆ ಹೊರಗೆ ಕಾಣುವ ಹತ್ತು ಹದಿನೈದು ವರ್ಷ ಮೊದಲೇ ಒಳಗೆ ಶುರುವಾಗಿರುತ್ತದೆ. ಆಗಲೇ ಸೊರಗಿದ ಮೆದುಳಿಗೆ ವೈರಸ್ ಸುಲಭವಾಗಿ ಹೊಕ್ಕಿರಲೂಬಹುದು. ಯಾವುದು ಮೊದಲು, ಯಾವುದು ಆಮೇಲೆ ಎಂದು ದಾಖಲೆಯೊಂದರಿಂದಲೇ ಹೇಳಲಾಗದು.

ಈ ಗಂಟನ್ನು ಬಿಡಿಸಲು ಒಳ್ಳೆಯ ದಾರಿ ತೋರಿದ್ದು ವೇಲ್ಸ್. ಅಲ್ಲಿ ಸರ್ಪಸುತ್ತಿನ ಲಸಿಕೆ 2013ರ ಸೆಪ್ಟೆಂಬರ್ 1ರಂದು ಶುರುವಾಯಿತು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸೇ ನರದ ಗಂಟುಗಳಲ್ಲಿ ದಶಕಗಳ ಕಾಲ ಅಡಗಿದ್ದು, ಮುಪ್ಪಿನಲ್ಲಿ ಸರ್ಪಸುತ್ತಾಗಿ ಹೊರಬರುತ್ತದೆ. ನಮ್ಮಲ್ಲಿ ಕೆಮ್ಮಣ್ಣು ಹಚ್ಚಿಸಿಕೊಂಡು ನೋವು ನುಂಗುವ ಅಜ್ಜಿಯರಿಗೆ ಅದರ ಉರಿ ಎಂಥದೆಂದು ಗೊತ್ತು. ವೇಲ್ಸ್ ಸರ್ಕಾರ ಒಂದು ನಿಯಮ ಮಾಡಿತು: 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಲಸಿಕೆಯ ಹಕ್ಕಿದೆ, ಅದಕ್ಕಿಂತ ಮೊದಲು ಹುಟ್ಟಿದವರಿಗೆ ಎಂದೆಂದಿಗೂ ಇಲ್ಲ. ಒಂದು ವಾರದ ಹಿಂದೆಮುಂದೆ ಹುಟ್ಟಿದವರ ನಡುವೆ ಊಟ, ಓದು, ಸಂಪತ್ತು ಯಾವುದರಲ್ಲೂ ವ್ಯತ್ಯಾಸವಿರದು. ವ್ಯತ್ಯಾಸ ಲಸಿಕೆಯದು ಮಾತ್ರ. ಸ್ಟ್ಯಾನ್‌ಫರ್ಡ್‌ನ ಪ್ಯಾಸ್ಕಲ್ ಗೆಲ್ಡ್‌ಸೆಟ್ಜರ್ ತಂಡ ಈ ಎರಡು ಗುಂಪುಗಳನ್ನು ಏಳು ವರ್ಷ ಹೋಲಿಸಿ 2025ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆಯಿತು. ಲಸಿಕೆ ಹಾಕಿಸಿಕೊಂಡವರಲ್ಲಿ ಡಿಮೆನ್ಶಿಯಾ ಐದನೆಯ ಒಂದು ಪಾಲಿನಷ್ಟು ಕಡಿಮೆ. ಹೆಂಗಸರಲ್ಲಿ ಲಾಭ ಇನ್ನೂ ಹೆಚ್ಚು. ನಾನು ಓದಿದ ಸಾರ್ವಜನಿಕ ಆರೋಗ್ಯದ ಅಧ್ಯಯನಗಳಲ್ಲಿ ಇಷ್ಟು ಅಚ್ಚುಕಟ್ಟಾದವು ಕಡಿಮೆ.

ಅದೇ ವರ್ಷ ಎದುರು ಸುದ್ದಿಯೂ ಬಂತು. ಹರ್ಪಿಸ್ ವೈರಸ್ ಇದ್ದು ಆಲ್ಝೈಮರ್ ಆಗಷ್ಟೇ ಶುರುವಾಗಿದ್ದ 120 ಮಂದಿಯಲ್ಲಿ ಕೆಲವರಿಗೆ ವ್ಯಾಲಾಸೈಕ್ಲೋವಿರ್ ಮಾತ್ರೆ, ಉಳಿದವರಿಗೆ ಸಪ್ಪೆ ಮಾತ್ರೆ ಕೊಟ್ಟು 78 ವಾರ ನೋಡಿದ ಅಮೆರಿಕದ ಪ್ರಯೋಗದಲ್ಲಿ ಔಷಧಿಯಿಂದ ಏನೂ ಉಪಯೋಗವಾಗಲಿಲ್ಲ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ತೋರುವುದು ಇಷ್ಟು: ರೋಗ ಶುರುವಾದ ಮೇಲೆ ವೈರಸ್ಸನ್ನು ಓಡಿಸಲು ಹೋಗುವುದರಿಂದ ಫಲ ಕಡಿಮೆ, ಮೊದಲೇ ತಡೆದರೆ ಫಲವಿದೆ.

ಬಳ್ಳಾರಿಗೆ ಇದರಿಂದ ಏನು? ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ಮೆದುಳಿನ ತೀರಾ ಒಳಗಿನ ಥಾಲಮಸ್, ಬೇಸಲ್ ಗ್ಯಾಂಗ್ಲಿಯಾ, ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎಂಬ ಭಾಗಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಬದುಕಿದವರಲ್ಲಿ ಕೆಲವರ ಮುಖ ಭಾವವಿಲ್ಲದೆ ಬಿಗಿಯುವುದು, ಕೈ ನಡುಗುವುದು, ಪಾರ್ಕಿನ್ಸನ್ ಕಾಯಿಲೆಯನ್ನೇ ಹೋಲುವುದು ಇದರಿಂದ. 1997ರಲ್ಲಿ ಜಪಾನಿನ ವಿಜ್ಞಾನಿಗಳು 13 ದಿನದ ಇಲಿಮರಿಗಳಿಗೆ ಈ ವೈರಸ್ ಕೊಟ್ಟಾಗ, ಬೆಳೆದ ಮೇಲೆ ಅವುಗಳ ಮೆದುಳಿನಲ್ಲಿ ಪಾರ್ಕಿನ್ಸನ್ ರೋಗಿಯ ಮೆದುಳಿನಂಥ ಹಾನಿ ಕಾಣಿಸಿತು. ವೈರಸ್ ಹೋದರೂ ಅದನ್ನು ಹೊಡೆಯಲು ಎದ್ದ ಮೈಕ್ರೋಗ್ಲಿಯಾ ಕೋಶಗಳು ಸುತ್ತಲಿನ ಆರೋಗ್ಯವಂತ ನರಕೋಶಗಳನ್ನೂ ಕೊಲ್ಲುತ್ತವೆ. ಪೂರ್ತಿ ವಾಸಿಯಾದರು ಎಂದು ಬರೆದುಕೊಂಡವರಲ್ಲೂ ಅರ್ಧದಷ್ಟು ಮಂದಿಗೆ ಕಲಿಕೆಯ ತೊಡಕು, ಸಿಟ್ಟು, ಗಮನ ನಿಲ್ಲದಿರುವುದು ಉಳಿದಿರುತ್ತದೆ ಎಂದು ವೈದ್ಯರು ಹೇಳುತ್ತಾರೆ. "ಜ್ವರ ಬಂದ್ ಹೋದ್ ಮ್ಯಾಲೆ ಹುಡುಗ ಮೊದಲಿನಂಗ ಇಲ್ರೀ" ಎಂದು ತಾಯಿ ಹೇಳಿದರೆ ಅದನ್ನು ತಾಯಿಯ ಕಲ್ಪನೆ ಎಂದು ತಳ್ಳಿಹಾಕಬಾರದು. ಹತ್ತು ವರ್ಷಕ್ಕೇ ನರಕೋಶಗಳ ಉಳಿತಾಯ ಕರಗಿದ ಮೆದುಳು, ಎಲ್ಲರಿಗೂ ಬರುವ ಮುಪ್ಪಿನ ಸವೆತವನ್ನು ಎಷ್ಟು ಕಾಲ ತಾಳೀತು? ಮೆದುಳು ಜ್ವರ ಬಂದವರಿಗೆಲ್ಲ ಡಿಮೆನ್ಶಿಯಾ ಬರುತ್ತದೆ ಎಂದು ನಾನು ಹೇಳುತ್ತಿಲ್ಲ, ಯಾರೂ ಹಾಗೆ ಹೆದರಬಾರದು. ಆದರೆ ಪ್ರಶ್ನೆ ಕೇಳಲು ಇಷ್ಟು ಕಾರಣ ಸಾಕು.

ಉತ್ತರ ಹುಡುಕಲು ಬಳ್ಳಾರಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 2005ರಲ್ಲಿ ಗೋರಖ್‌ಪುರದ ಸುತ್ತ ಮೆದುಳು ಜ್ವರಕ್ಕೆ ಸಾವಿರಕ್ಕೂ ಹೆಚ್ಚು ಮಂದಿ ಬಲಿಯಾದ ಮೇಲೆ, ಕೇಂದ್ರ ಸರ್ಕಾರ 2006ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ತಯಾರಾದ ಎಸ್‌ಎ 14-14-2 ಲಸಿಕೆ ತರಿಸಿತು. ಮೊದಲ ಸುತ್ತಿಗೆ ದೇಶದಲ್ಲಿ 11 ಜಿಲ್ಲೆ ಆರಿಸಿದರು. ಕರ್ನಾಟಕದಿಂದ ಇದ್ದದ್ದು ಬಳ್ಳಾರಿ ಒಂದೇ. 1ರಿಂದ 15 ವರ್ಷದೊಳಗಿನ ಮಕ್ಕಳಿಗೆ ಒಂದೊಂದು ಡೋಸು. ಆಮೇಲೆ ಬೇರೆ ಜಿಲ್ಲೆಗಳೂ ಸೇರಿದವು. 2013ರಲ್ಲಿ ಭಾರತದ್ದೇ ಆದ ಜೆನ್‌ವ್ಯಾಕ್ ಬಂತು. 1980ರ ದಶಕದ ಆರಂಭದಲ್ಲಿ ಕೋಲಾರದ ರೋಗಿಯೊಬ್ಬರಿಂದ ಪಡೆದ ವೈರಸ್ಸೇ ಅದರ ಮೂಲ. 2022ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಇನ್ನೂ 10 ಜಿಲ್ಲೆಗಳಿಗೆ ಅಭಿಯಾನ ಒಯ್ದಿತು.

ಈಗ ವೇಲ್ಸ್‌ನ ಲೆಕ್ಕವನ್ನು ಇಲ್ಲಿಗೆ ತನ್ನಿ. ಸಿರುಗುಪ್ಪದ ಒಂದೇ ಕ್ಯಾಂಪಿನಲ್ಲಿ, ಒಂದೇ ಕಾಲುವೆಯ ಬದಿಯಲ್ಲಿ ಬೆಳೆದ ಇಬ್ಬರು. 1992ರಲ್ಲಿ ಹುಟ್ಟಿದ ತಮ್ಮನಿಗೆ 2006ರ ಅಭಿಯಾನದಲ್ಲಿ ಲಸಿಕೆ ಬಿತ್ತು. 1989ರಲ್ಲಿ ಹುಟ್ಟಿದ ಅಣ್ಣನಿಗೆ ವಯಸ್ಸು ಮೀರಿತ್ತು. ಅದೇ ಸೊಳ್ಳೆ, ಅದೇ ಅಕ್ಕಿ, ಅದೇ ಶಾಲೆ. ಇಂಥ ಸಾವಿರಾರು ಜೋಡಿಗಳು ಸಿರುಗುಪ್ಪ, ಕುರುಗೋಡು, ಬಳ್ಳಾರಿ ತಾಲೂಕುಗಳಲ್ಲಿದ್ದಾರೆ. ಅಂದು ಲಸಿಕೆ ಪಡೆದವರಲ್ಲಿ ಹಿರಿಯರು 1991ರ ಸುಮಾರಿಗೆ ಹುಟ್ಟಿದವರು. ಅವರಿಗೆ 60 ತುಂಬುವುದು 2051ರ ಆಸುಪಾಸಿನಲ್ಲಿ. ಮೆದುಳು ಜ್ವರ ತಡೆದ ಲಸಿಕೆ ಮುಪ್ಪಿನ ಮರೆವನ್ನೂ ತಡೆಯಿತೇ ಎಂಬುದನ್ನು ಆಗ ಯಾರಾದರೂ ಎಣಿಸಿ ಹೇಳಬಹುದು, ಎಣಿಸಲು ಏನಾದರೂ ಉಳಿದಿದ್ದರೆ.

ಇಂಥ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ 45 ದಾಟಿದ ಹಳ್ಳಿಯ ಜನರನ್ನು ಸೇರಿಸಿಕೊಂಡು, ನೆನಪು, ರಕ್ತ, ಮೆದುಳಿನ ಸ್ಕ್ಯಾನ್ ಎಲ್ಲವನ್ನೂ ವರ್ಷಗಟ್ಟಲೆ ನೋಡುತ್ತಿದೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಗುರಿ ಅದರದು. ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂಬ ಅಂದಾಜಿದೆ. ಅರವತ್ತಕ್ಕೆ ಅರಳು ಮರಳು ಎಂದು ಮಾತು ಮುಗಿಸುವ ಕಾಲ ಇದಲ್ಲ. ತುಂಗಭದ್ರಾ ಕಾಲುವೆಗಳ ಕೆಳಗೂ ಇಂಥದೊಂದು ಅಧ್ಯಯನ ಬರಬೇಕು, ಅದರಲ್ಲಿ ಬಾಲ್ಯದ ಮೆದುಳು ಜ್ವರದ ಪ್ರಶ್ನೆ ಮೊದಲ ಪುಟದಲ್ಲಿರಬೇಕು.

ಅದಕ್ಕೆ ಬೇಕಾದ್ದು ಕಾಗದ. 2002ರ ವೈದ್ಯಕೀಯ ಪರಿಷತ್ತಿನ ನಿಯಮದ ಪ್ರಕಾರ ವೈದ್ಯರು ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟರೆ ಸಾಕು. ಐದು ವರ್ಷಕ್ಕೆ ಜ್ವರ ಬಂದ ಮಗುವಿನ ಕೇಸ್ ಶೀಟು ಅದರ ಅರವತ್ತನೆಯ ವಯಸ್ಸಿಗೆ ಬೇಕಾದರೆ ಈ ನಿಯಮದಿಂದ ಆಗುವುದೇನೂ ಇಲ್ಲ. ಬಳ್ಳಾರಿಯ ಆಸ್ಪತ್ರೆಗಳಲ್ಲಿ ಉಳಿದಿರುವ ಮೆದುಳು ಜ್ವರದ ಹಳೆಯ ರಿಜಿಸ್ಟರುಗಳನ್ನು, 2006ರ ಲಸಿಕೆಯ ಪಟ್ಟಿಗಳನ್ನು ಈಗಲೇ ಸ್ಕ್ಯಾನ್ ಮಾಡಿಸಿಡಬೇಕು. ಮನೆಯಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲಿ ಮೆದುಳು ಜ್ವರ ಬಂದಿದ್ದರೆ ಡಿಸ್ಚಾರ್ಜ್ ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗೇ ಎತ್ತಿಡಿ. ಮುಂದೆ ಎಂದಾದರೂ ಕೈ ನಡುಕ, ಮರೆವು, ನಡವಳಿಕೆಯ ಬದಲಾವಣೆ ಕಂಡರೆ ಅದನ್ನು ಡಾಕ್ಟರಿಗೆ ತೋರಿಸಿ, ಅವರು ಕೇಳದಿದ್ದರೂ ನೀವೇ ಹೇಳಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಂತಹ ಗುಣಪಡಿಸಬಹುದಾದ ಕಾರಣಗಳನ್ನೂ ಜೊತೆಗೇ ಪರೀಕ್ಷಿಸುವಂತೆ ಕೇಳಿ. ಇನ್ನು ಈಗಿನ ಮಕ್ಕಳಿಗೆ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ಹೀಗೆ ಜಪಾನೀಸ್ ಎನ್ಸೆಫಲೈಟಿಸ್ (ಜೆಇ) ಲಸಿಕೆಯ ಎರಡು ಡೋಸು ದಡಾರದ ಲಸಿಕೆಯ ಜೊತೆಗೇ ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ನಾಟಿಗೆ, ಕೊಯ್ಲಿಗೆ ಊರೂರು ಅಲೆಯುವ ಕೂಲಿಯವರ ಮಕ್ಕಳಿಗೆ ಎರಡನೆಯ ಡೋಸು ತಪ್ಪುವುದು ಸುಲಭ. ಆಶಾ ಕಾರ್ಯಕರ್ತೆಯರು ಕ್ಯಾಂಪುಗಳಿಗೆ ಹೋದಾಗ ಆ ಮಕ್ಕಳ ತಾಯಿ ಕಾರ್ಡನ್ನು ಮೊದಲು ಕೇಳಿ ನೋಡಬೇಕು.